ಕೆಳಗಿನ ಬಿಜಾಗರಿಯ ಕೊನೆಯ ಸ್ಕ್ರೂ

ನನ್ನ ಹತ್ತಿರ ನಲವತ್ತೆಂಟು ಬಿಟ್‌ಗಳ ಒಂದು ಡಬ್ಬಿ ಇದೆ. ಹಾವೇರಿಯಲ್ಲಿ ಅಡುಗೆಮನೆಗೆ ಕಪಾಟು ಕೂಡಿಸುವುದು ನನ್ನ ಕೆಲಸ. ಬ್ಯಾಟರಿ ಮಷಿನ್ನಿನ ಮೂತಿಗೆ ಬಿಟ್ ಸಿಕ್ಕಿಸಿಕೊಂಡು ದಿನಕ್ಕೆ ಇನ್ನೂರು ಮುನ್ನೂರು ಸ್ಕ್ರೂ ತಿರುಗಿಸುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಮೊದಲ ದಿನವೇ ಒಂದು ಮಾತು ಆಡುತ್ತಾರೆ: "ಪ್ಲಸ್ ಅಂದ್ರ ಪ್ಲಸ್ ಬಿಡ್ರಿ, ಯಾವುದಾದ್ರೇನು?" ಅದನ್ನು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಸ್ಕ್ರೂ ತಲೆಯ ಮೇಲಿನ ಪ್ಲಸ್ ಗೀರಿನಲ್ಲಿ ಒಂದನೇ ನಂಬರು ಬೇರೆ, ಎರಡನೆಯದು ಬೇರೆ. ನಾಲ್ಕು ತೋಳುಗಳ ನಡುವೆ ಸಣ್ಣ ಗೆರೆ ಎಳೆದಿರುವ ಸ್ಕ್ರೂ ನೋಡಲಿಕ್ಕೆ ಅದರಂತೆಯೇ ಕಂಡರೂ ಅದರ ಬಿಟ್ಟೇ ಬೇರೆ. ತಪ್ಪು ಬಿಟ್ ಹಾಕಿ ಮಷಿನ್ ಒತ್ತಿದರೆ ಕರ್ರೆಂದು ಜಾರುತ್ತದೆ, ಸ್ಕ್ರೂ ತಲೆ ನುಣ್ಣಗಾಗುತ್ತದೆ. ಆಮೇಲೆ ಅದನ್ನು ಒಳಗೂ ಹಾಕಲಾಗುವುದಿಲ್ಲ, ಹೊರಗೂ ತೆಗೆಯಲಾಗುವುದಿಲ್ಲ.

ಸರಿಯಾದ ಬಿಟ್ ಆರಿಸುವುದು ಹೇಗೆ ಎಂದು ಕೇಳಿದರೆ ನಾನು ಹೇಳುವುದು ಒಂದೇ. ಬಿಟ್ಟನ್ನು ಸ್ಕ್ರೂವಿನ ತಲೆಗೆ ಇಟ್ಟು ಕೈ ಬಿಡಿ. ಬೀಳದೆ ನಿಂತರೆ ಅದೇ ಅದರ ಜೋಡಿ. ಈಗಿನ ಬಿಟ್‌ಗಳಿಗೆಲ್ಲ ಅಯಸ್ಕಾಂತ ಇರುವುದರಿಂದ ಈ ಪರೀಕ್ಷೆಯೂ ಮೋಸ ಮಾಡುತ್ತದೆ, ಸಡಿಲ ಇದ್ದದ್ದೂ ಅಂಟಿಕೊಂಡು ನಿಲ್ಲುತ್ತದೆ. ಹಿತ್ತಾಳೆಯ ಸ್ಕ್ರೂ ಮುಂದೆ ಮಾತ್ರ ಆ ಆಟ ನಡೆಯುವುದಿಲ್ಲ. ಹಿತ್ತಾಳೆಗೆ ಅಯಸ್ಕಾಂತ ಹತ್ತುವುದಿಲ್ಲವಲ್ಲ.

ಇದನ್ನು ನನಗೆ ಕಲಿಸಿದವರು ರಾಣೆಬೆನ್ನೂರಿನ ಬಡಿಗೇರ ಮಾಲತೇಶಪ್ಪ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಐರಣಿಯಿಂದ ದಿನಾ ಬಸ್ಸು ಹಿಡಿದು ಅವರ ಕಾರ್ಖಾನೆಗೆ ಬರುತ್ತಿದ್ದೆ. ಕಾರ್ಖಾನೆ ಎಂದರೆ ತಗಡಿನ ಒಂದು ಛಾವಣಿ, ಎರಡು ಉದ್ದನೆಯ ಹಲಗೆ, ಮೊಣಕಾಲು ಮಟ್ಟ ಸಾಗವಾನಿಯ ಹೊಟ್ಟು. ಆ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ. ನಾನು ಈಗ ಕೊಯ್ಯುವ ಪ್ಲೈವುಡ್ಡಿನಿಂದ ಬರುವುದು ಗೋಂದಿನ ನಾತ.

ಕಾಕಾ ಮಾತು ಕಡಿಮೆ. ನಗುವುದು ಇನ್ನೂ ಕಡಿಮೆ. ಕೆಲಸ ನೋಡಿ ಗಿರಾಕಿ ಹೊಗಳಿದರೆ "ಹಾಂ" ಎಂದು ಬೀಡಿ ಹುಡುಕುತ್ತಿದ್ದರು. ಅವರ ಎಡಗೈ ಪಕ್ಕದಲ್ಲಿ ಯಾವಾಗಲೂ ಬಟ್ಟೆ ಸೋಪಿನ ಒಂದು ತುಂಡು ಇರುತ್ತಿತ್ತು. ಪ್ರತಿ ಸ್ಕ್ರೂವಿನ ಹಲ್ಲನ್ನೂ ಸೋಪಿಗೆ ಉಜ್ಜಿಯೇ ಕಟ್ಟಿಗೆಗೆ ಇಡಬೇಕು. ಸೋಪು ಹತ್ತಿದ ಸ್ಕ್ರೂ ಒಳಗೆ ನಯವಾಗಿ ಹೋಗುತ್ತದೆ, ಎಷ್ಟು ವರ್ಷದ ಮೇಲಾದರೂ ಮಾತು ಕೇಳಿ ಹೊರಗೆ ಬರುತ್ತದೆ ಎನ್ನುತ್ತಿದ್ದರು. ನನ್ನ ಅಂಗಿಯ ಜೇಬೆಲ್ಲ ಸೋಪು ನಾರುತ್ತಿತ್ತು. ನನ್ನ ಅವ್ವ ಕರೆವ್ವ ಅಂಗಿ ಒಗೆಯುವಾಗ ಕಾಡುತ್ತಿದ್ದಳು: "ಕಟ್ಟಿಗಿ ಕೆಲಸಕ್ಕ ಹೋಗ್ತೀಯೋ, ಅರಬಿ ಒಗ್ಯಾಕ ಹೋಗ್ತೀಯೋ?"

ಇನ್ನೊಂದು ಅವರ ಹಟ. ಆಗ ನಮ್ಮಲ್ಲಿಗೆ ಬರುವ ಎಲ್ಲ ಸ್ಕ್ರೂಗಳ ತಲೆಯ ಮೇಲೂ ಒಂದೇ ನೇರ ಗೀರು ಇರುತ್ತಿತ್ತು, ಈಗಿನ ಪ್ಲಸ್ ಇರಲಿಲ್ಲ. ಕೂಡಿಸಿ ಮುಗಿಸಿದ ಮೇಲೆ ಆ ಗೀರುಗಳೆಲ್ಲ ನೆಟ್ಟಗೆ ನಿಂತಿರಬೇಕು, ಒಂದೂ ಅಡ್ಡ ಮಲಗಬಾರದು. ನಮ್ಮ ಕಡೆ ಹೆಣ್ಣುಮಕ್ಕಳು ಹೊಸ್ತಿಲಿಗೆ ಅರಿಶಿನ ಹಚ್ಚುವಾಗ ಕೈ ಚೌಕಟ್ಟಿಗೂ ಹೋಗುತ್ತದೆ. ಅಡ್ಡ ಗೀರಿನಲ್ಲಿ ಅರಿಶಿನ ಕೂತು ಹೆಪ್ಪುಗಟ್ಟುತ್ತದೆ, ನಿಂತ ಗೀರಾದರೆ ನೀರು ಸೋಕಿದರೆ ಇಳಿದುಹೋಗುತ್ತದೆ. ಯಾರೂ ನೋಡದ ಇಂಥ ಸಂಗತಿಗಳನ್ನು ಅವರು ನೋಡುತ್ತಿದ್ದರು.

ಅವರಿಗೆ ಕಡುಕೋಪ ಬರುತ್ತಿದ್ದುದು ಒಂದಕ್ಕೆ ಮಾತ್ರ, ಸ್ಕ್ರೂವನ್ನು ಸುತ್ತಿಗೆಯಿಂದ ಬಡಿಯುವುದಕ್ಕೆ. ಕೈಯಿಂದ ತಿರುಗಿಸಲು ಬೇಜಾರಾದ ಕೆಲಸಗಾರರು ಸ್ಕ್ರೂವನ್ನು ಮೊಳೆಯಂತೆ ಮುಕ್ಕಾಲು ಪಾಲು ಬಡಿದು, ಕೊನೆಗೆ ಎರಡು ಸುತ್ತು ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಳಗೆ ಕಟ್ಟಿಗೆಯ ನಾರು ಹರಿದಿರುತ್ತದೆ, ಹಲ್ಲಿಗೆ ಹಿಡಿತ ಇರುವುದಿಲ್ಲ. ಬಿಚ್ಚಿದ ದಿನ ಗುಟ್ಟು ರಟ್ಟಾಗುತ್ತದೆ: ಸ್ಕ್ರೂ ಸುಮ್ಮನೆ ಗಿರಗಿರ ತಿರುಗಿ ಸೀಳಿದ ನಾರಿನ ಸಮೇತ ಹೊರಬರುತ್ತದೆ. ನನ್ನ ಜೊತೆ ಇದ್ದ ಮಾಂತೇಶ ಸರ್ಕಾರಿ ಸಾಲಿಯ ಕಿಟಕಿಗೆ ಹಾಗೆ ಬಡಿದು ಸಿಕ್ಕಿಬಿದ್ದ. ಅವತ್ತೇ ಅವನ ಲೆಕ್ಕ ಮುಗಿಸಿ ಕಳಿಸಿಬಿಟ್ಟರು.

ಅದಾಗಿ ಎರಡು ತಿಂಗಳಿಗೆ ನಾನೂ ಬಡಿದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದವರ ಮನೆ. ಆ ಮನೆಯ ಜಯವ್ವನವರಿಗೆ ತಲಬಾಗಿಲು ಮಾಡಿದ್ದೆವು, ದಪ್ಪ ಸಾಗವಾನಿ, ಮೂರು ದೊಡ್ಡ ಹಿತ್ತಾಳೆ ಬಿಜಾಗರಿ. ಚೌಕಟ್ಟಿನ ಕಡೆ ಒಂದೊಂದು ಬಿಜಾಗರಿಗೆ ನಾಲ್ಕು ಹಿತ್ತಾಳೆ ಸ್ಕ್ರೂ, ಒಟ್ಟು ಹನ್ನೆರಡು. ಮರುದಿನ ಗೃಹಪ್ರವೇಶ. ಕಾಕಾ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ಮೂಗು ಸೋರುತ್ತಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಊರಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಹನ್ನೊಂದನ್ನು ತಿರುಗಿಸಿದ್ದೆ. ಕೆಳಗಿನ ಬಿಜಾಗರಿಯ ಕೊನೆಯದೊಂದೇ ಉಳಿದಿತ್ತು. ಸುತ್ತಿಗೆ ತಗೊಂಡು ನಾಲ್ಕು ಏಟು ಹಾಕಿದೆ. ಗೀರನ್ನು ಮಾತ್ರ ನೆಟ್ಟಗೆ ನಿಲ್ಲಿಸಿದೆ.

ಕಾಕಾ ಬಂದು ಬಗ್ಗಿ, ಹೆಬ್ಬೆರಳಿನಿಂದ ಹನ್ನೆರಡೂ ತಲೆ ಸವರಿದರು. ಕೊನೆಯದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಎಲ್ಲಾ ತಿರುವಿ ಹಾಕೀಯೇನೋ?"

"ಹೂಂ ರೀ ಕಾಕಾ."

"ಹಾಂ. ಹೋಗು, ಬಸ್ಸು ತಪ್ಪೀತು."

ಮರುದಿನದಿಂದ ಅವರ ಮುಖ ನೋಡಿ ಮಾತಾಡಲಾಗಲಿಲ್ಲ. ಇವತ್ತು ಗೊತ್ತಾಗುತ್ತದೆ, ನಾಳೆ ಕಳಿಸುತ್ತಾರೆ ಎಂದು ಅಂಜಿ ಅಂಜಿ ಎರಡು ತಿಂಗಳು ಕಳೆದೆ. ಕೊನೆಗೆ ಅವರು ಕಳಿಸುವ ಮೊದಲೇ ನಾನೇ ಹೋಗಿಬಿಟ್ಟೆ. ಹಾವೇರಿಯಲ್ಲಿ ಅಲ್ಯೂಮಿನಿಯಂ ಕಿಟಕಿಯ ಕೆಲಸ ಹಿಡಿದೆ, ಆಮೇಲೆ ಕಪಾಟು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ "ಇನ್ನ ಮುಂದ ಮಷಿನ್ ಕಾಲ ರೀ" ಎಂದು ದೊಡ್ಡಸ್ತಿಕೆಯ ಮಾತಾಡಿದೆ. ಖರೇ ಹೇಳಬೇಕೆಂದರೆ ನಾನು ಒಂದು ಸ್ಕ್ರೂವಿಗೆ ಹೆದರಿ ಓಡಿಬಂದವನು. ಬಾಗಿಲು ಮಾಡುವ ಕೈ ನನಗಿತ್ತು. ಅದಾದ ಮೇಲೆ ಒಂದೂ ಬಾಗಿಲು ಮಾಡಲಿಲ್ಲ.

ಮೂವತ್ತು ವರ್ಷವಾಯಿತು. ಹೋದ ವರ್ಷ ಜಯವ್ವನವರು ಫೋನ್ ಮಾಡಿದರು. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸುತ್ತಾರೆ, ಬಾಗಿಲು ಮಾತ್ರ ಅದೇ ಬೇಕು, ಒಂದು ಗೆರೆ ಬೀಳದಂತೆ ಬಿಚ್ಚಿಕೊಡಬೇಕು.

"ಮಾಲತೇಶಣ್ಣನ್ನ ಕೇಳಿದೆ ತಮ್ಮಾ. ಕೈ ನಡಗತಾವ, ನನ್ನ ಕಡೆ ಆಗಂಗಿಲ್ಲ ಅಂದ. ಹಾವೇರಿಯಾಗ ಚನ್ನೇಶ ಅದಾನ, ಅವನ್ನ ಕರೀರಿ, ನಾ ಬಂದು ಬಾಜೂಕ ಕುಂದರತೇನಿ ಅಂತ ಅವನ ಹೇಳ್ಯಾನ."

ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಈ ಮುದುಕನಿಗೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು: ಸ್ಕ್ರೂ ಬಿಚ್ಚಿದರೆ ನನ್ನ ಸುಳ್ಳೂ ಬಿಚ್ಚಿಕೊಳ್ಳುತ್ತದೆ, ಅದೂ ಅವರ ಕಣ್ಣ ಮುಂದೆ. ಜ್ವರ ಬಂದಿದೆ ಎನ್ನಲೇ ಎಂದು ಯೋಚಿಸಿದೆ. ಐವತ್ತೊಂದು ವರ್ಷದ ಗಂಡಸು, ಸಾಲಿ ತಪ್ಪಿಸುವವನ ಹಾಗೆ. ಕೊನೆಗೆ ಡಬ್ಬಿ, ಮಷಿನ್, ಉಕ್ಕು ತಿಕ್ಕುವ ಗ್ರೈಂಡರ್ ತಗೊಂಡು ಬ್ಯಾಡಗಿಗೆ ಹೋದೆ.

ಕಾಕಾ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅರ್ಧ ಆಗಿದ್ದರು. ಕೈ ತೊಡೆಯ ಮೇಲೆ ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ಬಂದ್ಯಾ? ದಪ್ಪ ಆಗೀದಿ."

ಇಷ್ಟು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಅದು. ನಾನು ಕಾಲಿಗೆ ನಮಸ್ಕಾರ ಮಾಡಿ, ಮುಖ ತೋರಿಸಲಾಗದೆ ಡಬ್ಬಿ ಬಿಚ್ಚಿದೆ. ನಲವತ್ತೆಂಟು ಬಿಟ್‌ಗಳನ್ನು ಕಂಡು ಅವರ ಕಣ್ಣು ಅಗಲವಾಯಿತು. ಮಷಿನ್ ಬ್ಯಾಡ, ಕೈಯಿಂದಲೇ ಬಿಚ್ಚು ಎನ್ನುತ್ತಾರೆಂದು ಕಾದೆ. ಅವರು ಹಾಗೆ ಅನ್ನಲಿಲ್ಲ.

"ಭಾಳ ಚೊಲೋ ಆತು. ನನ್ನ ಕಾಲಕ್ಕ ಇದು ಇದ್ದಿದ್ರ ನಂದು ಭುಜಾನರ ಉಳೀತಿತ್ತು. ಆದ್ರ ಮಷಿನ್ನಿಗೆ ಕಣ್ಣಿಲ್ಲ. ಬಿಟ್ ಸರಿ ಆರಿಸು."

ನನ್ನ ಡಬ್ಬಿಯಲ್ಲಿ ಪ್ಲಸ್, ಆರು ಮೂಲೆ, ನಕ್ಷತ್ರ ಎಲ್ಲ ಇದ್ದವು. ಒಂದೇ ಗೀರಿನ ಸ್ಕ್ರೂವಿಗೆ ಹೊಂದುವ ಚಪ್ಪಟೆ ಬಿಟ್ ಮೂರೇ ಮೂರು. ಜಯವ್ವನವರ ಹತ್ತಿರ ಒಂದು ಪಿನ್ನು ಕೇಳಿ, ಗೀರಿನಲ್ಲಿ ಕೂತಿದ್ದ ಬಣ್ಣ, ಧೂಳು ಎಲ್ಲ ಕೆದರಿ ತೆಗೆದೆ. ಮೊದಲನೇ ಬಿಟ್ ಗೀರಿನಲ್ಲಿ ಅಳ್ಳಕವಾಗಿ ಆಡಿತು. ಮಷಿನ್ ಒತ್ತಿದರೆ ಇದು ಜಾರಿ ಹಿತ್ತಾಳೆ ಕೆತ್ತುವುದು ಖಂಡಿತ. ಎರಡನೆಯದು ತಲೆಗಿಂತ ಅಗಲ, ಬಿಜಾಗರಿಗೆ ಗೀಚು ಬೀಳುತ್ತದೆ. ಮೂರನೆಯದರ ಅಗಲ ಸರಿ ಇತ್ತು, ತುದಿ ದಪ್ಪ, ಒಳಗೇ ಇಳಿಯಲಿಲ್ಲ.

"ಅದನ್ನ ಹಿಡಿ. ತೆಳು ಇದ್ದದ್ದನ್ನ ದಪ್ಪ ಮಾಡಾಕ ಬರಂಗಿಲ್ಲ, ದಪ್ಪ ಇದ್ದದ್ದನ್ನ ತಿಕ್ಕಬಹುದು. ನೀರಾಗ ಅದ್ದಿ ಅದ್ದಿ ತಿಕ್ಕು, ನೀಲಿ ಆಗಾಕ ಬಿಡಬ್ಯಾಡ. ನೀಲಿ ಆತಂದ್ರ ಉಕ್ಕು ಮೆತ್ತಗ ಆತು."

ಗ್ರೈಂಡರಿಗೆ ಸೋಕಿಸಿ, ನೀರಲ್ಲಿ ಅದ್ದಿ, ಗೀರಿಗೆ ಇಟ್ಟು ನೋಡಿ, ಮತ್ತೆ ಸೋಕಿಸಿ, ಅರ್ಧ ತಾಸು ಹಿಡಿಯಿತು. ಕೊನೆಗೆ ಬಿಟ್ ಗೀರಿನೊಳಗೆ ತಟ್ಟನೆ ಕೂತಿತು. ಕೈ ಬಿಟ್ಟೆ. ಅಡ್ಡಕ್ಕೆ ಚಾಚಿಕೊಂಡು ಹಾಗೇ ನಿಂತಿತು.

"ಅಯ್, ಅಂಟಿಕೊಂಡೈತಲ್ಲ!" ಎಂದರು ಜಯವ್ವ.

"ಅಂಟಿಲ್ಲವ್ವಾ, ಕುಂತೈತಿ" ಎಂದರು ಕಾಕಾ. ಅವರ ಮುಖದಲ್ಲಿ ನಗು ಕಂಡೆ. ನನಗೆ ಆ ತಗಡಿನ ಛಾವಣಿ, ಆ ಹೊಟ್ಟು, ಆ ಸೋಪಿನ ವಾಸನೆ ಎಲ್ಲ ಒಮ್ಮೆಲೇ ನೆನಪಾಗಿ ಎದೆ ತುಂಬಿ ಬಂತು. ಇವರ ಹತ್ತಿರ ಇನ್ನೂ ಹತ್ತು ವರ್ಷ ಇರಬೇಕಿತ್ತು ನಾನು.

ಬಾಗಿಲು ತೆರೆದು, ಕೆಳಗೆ ಬೆಣೆ ಕೊಟ್ಟು, ಮನೆಯ ಇಬ್ಬರು ಆಳುಗಳಿಗೆ ಹಿಡಿಯಲು ಹೇಳಿದೆ. ಬಾಗಿಲನ್ನು ಬಿಚ್ಚುವಾಗ ಕೆಳಗಿನಿಂದ ಶುರು ಮಾಡುವುದು ಪದ್ಧತಿ. ನಾನು ಬೇಕಂತಲೇ ಮೇಲಿನ ಬಿಜಾಗರಿಗೆ ಕೈ ಹಾಕಿದೆ.

"ಮ್ಯಾಲಿಂದ ಯಾಕ?" ಎಂದರು ಕಾಕಾ.

"ಬೆಣಿ ಕೊಟ್ಟೇನಲ್ರಿ, ಏನೂ ಆಗಂಗಿಲ್ಲ."

ಮಷಿನ್ನನ್ನು ಎಲ್ಲಕ್ಕಿಂತ ನಿಧಾನದ ವೇಗಕ್ಕೆ ಇಟ್ಟು, ಎದೆಭಾರ ಕೊಟ್ಟು ಒತ್ತಿದೆ. ಮೊದಲ ಸ್ಕ್ರೂ ಒಮ್ಮೆ ಕಿರ್ರೆಂದಿತು, ಆಮೇಲೆ ಶಿಸ್ತಾಗಿ ತಿರುಗಿ ಹೊರಬಂತು. ಹಲ್ಲಿನಲ್ಲಿ ಒಣಗಿದ ಸೋಪು ಬೆಳ್ಳಗೆ ಕೂತಿತ್ತು. ಎರಡು, ಮೂರು, ನಾಲ್ಕು. ಒಂದೊಂದನ್ನೂ ಕಾಕಾನ ಅಂಗೈಗೆ ಕೊಟ್ಟೆ, ನಡುಗುವ ಕೈಯಲ್ಲಿ ಅವು ಸಣ್ಣಗೆ ಸಪ್ಪಳ ಮಾಡಿದವು. ಹನ್ನೊಂದಾಯಿತು. ಹನ್ನೆರಡನೆಯದರ ಮುಂದೆ ಮೊಣಕಾಲೂರಿದಾಗ ಕಾಕಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಈಗಲಾದರೂ ಹೇಳಿಬಿಡೋಣ ಎಂದುಕೊಂಡೆ, ಹೇಳುವ ಬದಲು ಬಿಟ್ ಇಟ್ಟು ಒತ್ತಿದೆ.

ಗಿರಗಿರ ತಿರುಗಲಿಲ್ಲ. ಕಿರ್ರೆಂದು ಹಟ ಮಾಡಿತು, ಮತ್ತೆ ಉಳಿದವುಗಳ ಹಾಗೆಯೇ, ಹಲ್ಲು ಹಲ್ಲಿಗೂ ಹಿಡಿತ ಬಿಡುತ್ತ ಹೊರಬಂತು. ಹಲ್ಲಿನ ತುಂಬ ಸೋಪು. ಬಡಿದ ಆ ಒಂದು ಸ್ಕ್ರೂವಿಗೆ ನಾನು ಸೋಪು ಹಚ್ಚಿರಲಿಲ್ಲ. ಬಿಜಾಗರಿ ಸರಿಸಿ ಒಳಗೆ ನೋಡಿದೆ. ಚೌಕಟ್ಟಿನಲ್ಲಿ ಅಲ್ಲೊಂದು ಕಡೆ ಮಾತ್ರ ಹರಿದ ನಾರು ತೆಗೆದು, ನಾಲ್ಕಾಣೆ ನಾಣ್ಯದಷ್ಟು ಅಗಲದ ದುಂಡನೆಯ ಸಾಗವಾನಿ ತುಂಡನ್ನು ಕೆತ್ತಿ ಕೂಡಿಸಿ, ಅದರ ನಡುವೆ ಹೊಸದಾಗಿ ತೂತು ಮಾಡಿದ್ದರು.

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಕಾಕಾ, ಇದು..."

"ಹಿತ್ತಾಳಿ ಮ್ಯಾಲ ಸುತ್ತಿಗಿ ಬಿದ್ದ ಸಪ್ಪಳಾ ಬ್ಯಾರೇನ ಇರತೈತಿ. ಚಹಾ ಕುಡೀತಾ ಕೇಳಿದೆ. ನೀ ಬಸ್ಸಿಗೆ ಹೋದಿ, ನಾ ಉಳಕೊಂಡೆ."

"ಹೌದಲ್ಲ!" ಎಂದರು ಜಯವ್ವ. "ಅವತ್ತು ಕರೆಂಟ್ ಇರಲಿಲ್ಲ. ನಾನ ಕಂದೀಲು ಹಿಡದಿದ್ದೆ. ಒಂದು ಸ್ಕ್ರೂವಿಗೆ ಎಷ್ಟೊತ್ತು ಮಾಡ್ತೀಯೋ ಮಾಲತೇಶಣ್ಣ ಅಂತ ಬೈದಿದ್ದೆ."

ಮೂವತ್ತು ವರ್ಷ ನಾನೊಬ್ಬನೇ ಹೊತ್ತುಕೊಂಡು ತಿರುಗಿದ ಗುಟ್ಟು ಅವತ್ತೇ ಕಂದೀಲಿನ ಬೆಳಕಿನಲ್ಲಿ ಬಿಚ್ಚಿಕೊಂಡಿತ್ತು. ನನಗೆ ನಾಚಿಕೆ, ಸಿಟ್ಟು, ಅಳು ಮೂರೂ ಕೂಡಿ ಬಂದವು.

"ಬೈಬೇಕಾಗಿತ್ತು ರೀ. ಎರಡು ಕಪಾಳಕ್ಕ ಕೊಡಬೇಕಾಗಿತ್ತು. ಮಾಂತೇಶನ್ನ ಕಳಿಸಿದಂಗ ಕಳಿಸಬೇಕಾಗಿತ್ತು."

"ಮಾಂತೇಶ ಬಡದು ನಕ್ಕಾಂವ. ನೀ ಬಡದು ಅಂಜಿದಾಂವ. ಅಂಜಿದಾಂವ ತಾನ ಬಂದು ಹೇಳ್ತಾನ ಅಂತ ತಿಳಕೊಂಡೆ." ಕಾಕಾ ಅಂಗೈಯ ಸ್ಕ್ರೂಗಳನ್ನು ನೋಡುತ್ತ ಕೂತರು. "ದಿನಾ ಮುಂಜಾನೆ ಇವತ್ತ ಹೇಳ್ತಾನ, ಇವತ್ತ ಹೇಳ್ತಾನ ಅಂತ ಕಾದೆ. ಒಂದಿನ ನೀನ ಬರಲಿಲ್ಲ. ಆಮ್ಯಾಲ ನಾನ ಐರಣಿಗೆ ಬರಬೇಕಾಗಿತ್ತು. ಬರಲಿಲ್ಲ. ಅದು ನನ್ನ ತಪ್ಪು."

ಅಷ್ಟು ಜನರ ಮುಂದೆ ಅತ್ತೆ. ಆಳುಗಳು ಬಾಗಿಲು ಹಿಡಿದುಕೊಂಡೇ ಇದ್ದರು, ಪಾಪ, ಅವರಿಗೆ ಏನೂ ತಿಳಿಯಲಿಲ್ಲ. "ಬಾಗಲಾ ಇಳಸರ್ಯೋ ಮದಲ" ಎಂದು ಜಯವ್ವ ಗದರಿದರು.

ಮೊನ್ನೆ ಆ ಬಾಗಿಲನ್ನು ಹೊಸ ಮನೆಗೆ ಕೂಡಿಸಿದೆವು. ಅವೇ ಬಿಜಾಗರಿ, ಅವೇ ಹನ್ನೆರಡು ಸ್ಕ್ರೂ, ನಾನು ತಿಕ್ಕಿದ ಅದೇ ಬಿಟ್. ಕಾಕಾ ಜೇಬಿನಿಂದ ಸೋಪಿನ ತುಂಡು ತೆಗೆದುಕೊಟ್ಟರು. ಹನ್ನೊಂದನ್ನು ಮಷಿನ್ನಿನಿಂದ ಹಾಕಿದೆ. ಕೆಳಗಿನ ಕೊನೆಯದನ್ನು ಮಾತ್ರ, ಬಿಟ್ಟನ್ನು ಹಿಡಿಕೆಗೆ ಸಿಕ್ಕಿಸಿಕೊಂಡು ಕೈಯಿಂದ ತಿರುಗಿಸಿದೆ. ಅಂಗೈ ಉರಿಯಿತು. ಗೀರು ನೆಟ್ಟಗೆ ನಿಂತ ಮೇಲೆ ಎದ್ದೆ.

"ಎಲ್ಲಾ ತಿರುವಿ ಹಾಕೀಯೇನೋ?" ಕುರ್ಚಿಯಿಂದಲೇ ಕೇಳಿದರು.

"ಹೂಂ ರೀ ಕಾಕಾ."

"ಹಾಂ" ಎಂದರು. ಈ ಸಲ ಅವರು ಬಗ್ಗಿ ಸವರಿ ನೋಡಲಿಲ್ಲ.