ಕೌದಿಗೆ ಹದಿನಾರೋ ಹದಿನೆಂಟೋ

ಮೊನ್ನೆ ಆರ್.ಟಿ. ನಗರದ ಅಂಗಡಿಯೊಂದರಲ್ಲಿ ಹೊಲಿಗೆ ಯಂತ್ರದ ಸೂಜಿ ಕೇಳಿದೆ. ಹಳೇ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುವ ಹುಮ್ಮಸ್ಸು ನನ್ನ ಹೆಂಡತಿಗೆ ಬಂದಿತ್ತು. "ಯಾವ ನಂಬರ್ ಸಾರ್?" ಎಂದ ಅಂಗಡಿಯವನು. ನೀವೇ ಹೇಳಿ, ವಿಶ್ವವಿದ್ಯಾಲಯದ ಪದವಿ ಇರುವವನು "ಗೊತ್ತಿಲ್ಲ" ಎನ್ನುವುದುಂಟೆ? "ಹದಿನಾರು" ಎಂದೆ. ಎಂದಮೇಲೆ ಅನುಮಾನ ಶುರುವಾಯಿತು.

ಆ ಹದಿನಾರು ನನಗೆ ಬಂದದ್ದು ಅಕ್ಕನಿಂದ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಯಶವಂತಪುರದಲ್ಲಿದ್ದೆವು. ರೈಲು ಹೋದಾಗಲೆಲ್ಲ ಗೋಡೆಯ ಮೇಲಿನ ದೇವರ ಪಟಗಳು ತಲೆಯಾಡಿಸುತ್ತಿದ್ದವು. ಅಜ್ಜಿ ಅದನ್ನು ಸಮ್ಮತಿಯೆಂದೇ ಎಣಿಸಿ, ತನ್ನ ಬೇಡಿಕೆಗಳನ್ನೆಲ್ಲ ರೈಲು ಬರುವ ಹೊತ್ತಿಗೇ ಸಲ್ಲಿಸುತ್ತಿದ್ದಳು. ಪಕ್ಕದ ಬೀದಿಯ ಹೊಲಿಗೆ ತರಗತಿಗೆ ಟೀಚರ್ ಬೇಕಾಗಿತ್ತು. ಸೋಮವಾರ ಒಂದು ಕೌದಿ ಹೊಲಿದು ತಂದು ತೋರಿಸಿದರೆ ಕೆಲಸ ಅಕ್ಕನದು. ಇಲ್ಲವಾದರೆ ಅಪ್ಪ ನೋಡಿಟ್ಟಿದ್ದ ತುಮಕೂರಿನ ಗಂಡು. ಅವನ ಬಗ್ಗೆ ನನಗೆ ನೆನಪಿರುವುದು ಕಿವಿಯ ಕೂದಲು ಮಾತ್ರ.

ಅಕ್ಕ ಯಂತ್ರದಲ್ಲಿ ಬಟ್ಟೆಯನ್ನು ಒತ್ತಿಹಿಡಿಯುವ ಪಾದ ಬಿಚ್ಚಿಟ್ಟು, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಮೇಲೆ ರಟ್ಟು ಮುಚ್ಚಿ, ಕೌದಿಯನ್ನು ಎರಡೂ ಕೈಯಿಂದ ಬೇಕಾದತ್ತ ತಿರುಗಿಸುತ್ತ ಹೊಲಿಗೆಯಲ್ಲೇ ಬಳ್ಳಿ ಬಿಡಿಸುತ್ತಿದ್ದಳು. ಹದಿನಾಲ್ಕರ ಸಣ್ಣ ಸೂಜಿ ಆ ಎಳೆದಾಟಕ್ಕೆ ಬಾಗಿ ಕೆಳಗಿನ ಉಕ್ಕಿನ ತಟ್ಟೆಗೆ ಬಡಿಯಿತು. ಹದಿನೆಂಟರ ದಪ್ಪ ಸೂಜಿ ಬಾಗಲಿಲ್ಲ, ಆದರೆ ಒಗೆದೊಗೆದು ಸವೆದ ಸೀರೆಯನ್ನು ಸೊಳ್ಳೆಪರದೆ ಮಾಡಿತು. ಹದಿನಾರು ಸರಿಹೋಯಿತು, ಕೊನೆಯ ಮೂಲೆಯವರೆಗೆ. ಅಲ್ಲಿ ಟಪ್ಪೆಂದು ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು.

"ಸೂಜಿ ಮುರಿಯೋ ಟೀಚರಮ್ಮ," ಎಂದ ಅಪ್ಪ. "ಆ ಹುಡುಗನಿಗೆ ಬರೋಕೆ ಹೇಳ್ಲಾ?"

"ಇನ್ನೂ ಸೂಜಿ ಇದೆ, ಸ್ವಲ್ಪ ಸುಮ್ನಿರಪ್ಪ."

ನಾನು ಆಗ ಭೌತಶಾಸ್ತ್ರದ ವಿದ್ಯಾರ್ಥಿ. ಉಕ್ಕು ಹೇಗೆ ದಣಿಯುತ್ತದೆ ಎಂದು ಒಂದು ಉಪನ್ಯಾಸ ಕೊಟ್ಟೆ. "ಉಕ್ಕಿಗಿಂತ ಮುಂಚೆ ಕೇಳೋರು ದಣೀತಾರೆ ಕಣೋ," ಎಂದ ಅಕ್ಕ ಆ ಮೂಲೆಯನ್ನು ಹಿಸುಕಿದಳು. ಒಳಗೆ ಏನೋ ಗಟ್ಟಿ. ಹೊಲಿಗೆ ಬಿಚ್ಚಿದರೆ ಅರಿಶಿನದ ಕೊಂಬು!

"ಮದ್ವೆ ಹೆಣ್ಣಿನ ಕೌದಿ ಬರಿದಾಗಿರಬಾರದು ಕಣೇ," ಎಂದಳು ಅಜ್ಜಿ, ಒಂದಿಷ್ಟೂ ನಾಚದೆ.

"ಅಜ್ಜೀ, ಇದು ಕೆಲಸದ ಕೌದಿ!"

"ಕೆಲಸ ಸಿಕ್ಕೋಳಿಗೆ ಮದ್ವೆ ಆಗಲ್ವಾ?"

ಕೊಂಬು ತೆಗೆದರೆ ಅಜ್ಜಿ ಊಟ ಬಿಡುತ್ತಾಳೆ; ಇಟ್ಟರೆ ಸೂಜಿ ಉಳಿಯುವುದಿಲ್ಲ. ಅಕ್ಕ ಅದನ್ನು ಮತ್ತೆ ಒಳಗಿಟ್ಟು, ಸೂಜಿ ತಗಲದಂತೆ ಸುತ್ತಲೂ ಎಸಳು ಹೊಲಿದು, ಆ ಉಬ್ಬನ್ನೇ ಮೊಗ್ಗು ಮಾಡಿಬಿಟ್ಟಳು. ಸೋಮವಾರ ತರಗತಿ ನಡೆಸುತ್ತಿದ್ದ ಹೆಂಗಸು ಮೊಗ್ಗನ್ನು ಒತ್ತಿ ಒತ್ತಿ ನೋಡಿ, "ಇದನ್ನೂ ಹೇಳಿಕೊಡ್ತೀರಾ?" ಎಂದರಂತೆ. ಕೆಲಸ ಸಿಕ್ಕಿತು. ತುಮಕೂರಿನ ಕಿವಿಗಳು ಬೇರೆ ಮನೆ ನೋಡಿಕೊಂಡವು.

ಇದನ್ನೆಲ್ಲ ಖಾತ್ರಿ ಮಾಡಿಕೊಳ್ಳೋಣವೆಂದು ಅಂಗಡಿಯ ಮುಂದೆ ನಿಂತೇ ಚಿಕ್ಕಬಾಣಾವರದ ಅಕ್ಕನಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದರೂ ಧ್ವನಿಯಲ್ಲಿ ತರಗತಿಯ ಗತ್ತು ಹಾಗೇ ಇದೆ.

"ನೀನೆಲ್ಲಿದ್ಯೋ ಆವತ್ತು? ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದೆ. ಬಂದಿದ್ದು ಮುಂದಿನ ರಜಕ್ಕೆ, ಕೌದಿ ಹೊದ್ದು ಮಲಗೋಕೆ."

"ಮತ್ತೆ ನನ್ನ ಉಪನ್ಯಾಸ?"

"ಅದನ್ನ ಮಲಗೋಕೆ ಮುಂಚೆ ಕೊಟ್ಟೆ."

ನಾನು ಕಣ್ಣಾರೆ ಕಂಡದ್ದೆಲ್ಲ, ಹಾಗಾದರೆ, ಅವಳ ಬಾಯಿಂದ ಕೇಳಿದ್ದು. ಸೋತ ದನಿಯಲ್ಲಿ, ಹೆಂಡತಿಯ ಕೌದಿಗೆ ಹದಿನಾರಾದರೂ ಸರಿಯೇ ಎಂದು ಕೇಳಿದೆ.

"ಬಟ್ಟೆ ಮುಟ್ಟದೆ ಹೆಂಗೋ ಹೇಳ್ಲಿ? ತಗೊಂಡ್ ಬಾ. ಹಂಗೇ ಅವಳನ್ನೂ ಕರ್ಕೊಂಡ್ ಬಾ, ಇಲ್ಲೇ ಹೊಲಿಯೋಣ."

ವಾದ ಮಾಡಬಹುದಿತ್ತು. ಮಾಡಲಿಲ್ಲ. ಮನೆಗೆ ಹೋಗಿ ಸೀರೆಗಳ ಗಂಟು ಹೊತ್ತು, ಹೆಂಡತಿಯ ಜೊತೆ ಬಸ್ಸು ಹತ್ತಿದೆ. ಈ ಸಲವಾದರೂ ನಾನು ಅಲ್ಲಿರಬೇಕು.