ಒಂದು ಗುಳ್ಳ, ಎರಡು ಪಂಚಾಂಗ

ಮಧ್ವರಾಜರ ತಾರಸಿ ತೋಟದಲ್ಲಿ ಗಿಡಗಳಿಗೂ ಪಂಕ್ತಿಭೇದ ಉಂಟು. ಪೂರ್ವದ ಗೋಡೆಗೆ ದೇವರ ಗಿಡಗಳು: ತುಳಸಿ, ನಂದಬಟ್ಟಲು, ಪಾರಿಜಾತ, ಬಿಳಿ ದಾಸವಾಳ. ನೀರಿನ ಟ್ಯಾಂಕಿನ ಪಕ್ಕಕ್ಕೆ ಹೊಟ್ಟೆಯ ಗಿಡಗಳು: ಬೆಂಡೆ, ಹೀರೆ, ಬಸಳೆ, ದೊಡ್ಡಪತ್ರೆ, ಕರಿಬೇವು. ಮೆಟ್ಟಿಲು ಹತ್ತಿ ಬರುವ ಕಡೆ ಕ್ರೋಟನ್, ಅಡೇನಿಯಂ, ಕಾಗದದ ಹೂವು. ಈ ಕೊನೆಯವು ದೇವರಿಗೂ ಬೇಡ, ಬಾಯಿಗೂ ಬೇಡ. ಆದರೂ ಗೊಬ್ಬರ ಜಾಸ್ತಿ ಬೀಳುತ್ತಿದ್ದದ್ದು ಅವಕ್ಕೇ, ಏಕೆಂದರೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅವೇ.

ಮದ್ರಾಸಿನ ಪೋರೂರಿನಲ್ಲಿದ್ದ ಆ ಅಪಾರ್ಟ್‌ಮೆಂಟಿನ ತಾರಸಿ ಎಲ್ಲ ಮನೆಗಳಿಗೂ ಸೇರಿದ್ದು ಎಂಬುದು ಕಾಗದದ ಮೇಲಿನ ಮಾತು. ವಿಮಾ ಕಚೇರಿಯಿಂದ ನಿವೃತ್ತರಾದ ಮಧ್ವರಾಜರು ಎಪ್ಪತ್ತೆರಡು ಕುಂಡಗಳನ್ನು ಮೇಲೇರಿಸಿದ ಮೇಲೆ ಉಳಿದವರ ಪಾಲಿಗೆ ಬಟ್ಟೆ ಒಣಹಾಕುವ ಒಂದು ಹಗ್ಗ ಉಳಿಯಿತು, ಅಷ್ಟೇ. ಒಬ್ಬರು ಪಾಪ, ಮೂಲೆಯಲ್ಲಿ ಬೆಳ್ಳುಳ್ಳಿಯದೊಂದು ಕುಂಡ ಇಟ್ಟಿದ್ದರು. ಅದರ ವಾಸನೆಗೆ ತುಳಸಿಗೆ ಮೈಲಿಗೆಯಾಗುತ್ತದೆಂದು ಮಧ್ವರಾಜರು ಅದನ್ನು ಕೆಳಗಿಳಿಸಿ ಲಿಫ್ಟಿನ ಬಾಗಿಲಲ್ಲಿ ಬಿಟ್ಟು ಬಂದರು. ಇಷ್ಟಕ್ಕೂ ಅಕ್ಕಿ ತೊಳೆದ ನೀರಿನ ಬಕೆಟ್ಟು ಹಿಡಿದು ದಿನಾ ಎರಡು ಸಲ ಮೇಲೆ ಹತ್ತುತ್ತಿದ್ದವಳು ಹೆಂಡತಿ ಜಯಲಕ್ಷ್ಮೀ. ತೋಟ ಮಾತ್ರ "ನನ್ನ ತೋಟ".

ತೋಟಕ್ಕಿಂತ ದೊಡ್ಡದು ಅವರಿಗೊಂದೇ ಇತ್ತು, ಪಂಚಾಂಗ. ಅವರ ಮಠದ್ದೊಂದು, ಹೆಂಡತಿಯ ತವರಿನವರ ಮಠದ್ದು ಇನ್ನೊಂದು. ಯಾವಾಗಲಾದರೊಮ್ಮೆ ಎರಡರ ಏಕಾದಶಿಗೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಬಂದರೇನು, ಅವರವರದು ಅವರವರಿಗೆ ಎಂದು ಲೋಕ ಸುಮ್ಮನಿರುತ್ತದೆ. ಮಧ್ವರಾಜರು ಸುಮ್ಮನಿರುವವರಲ್ಲ. ಹನ್ನೊಂದು ವರ್ಷದ ಹಿಂದೆ ಜಯಲಕ್ಷ್ಮಿಯ ತಾಯಿಯ ವರ್ಷಾಂತಿಕ ಬಂದಾಗ ತಾಂಬರಂನಲ್ಲಿ ಅವಳ ತಮ್ಮ ಸುಜಯೀಂದ್ರನ ಮನೆಯಲ್ಲಿ ಅಂದು ಶ್ರಾವಣ ದ್ವಾದಶಿ, ಪೋರೂರಿನಲ್ಲಿ ಇನ್ನೂ ಏಕಾದಶಿ. "ಏಕಾದಶಿ ದಿನ ಶ್ರಾದ್ಧದ ಊಟವೇ? ರಾಮ ರಾಮ! ನಿಮ್ಮ ಮನೇವರಿಗೆ ಪಂಚಾಂಗ ನೋಡೋಕೆ ಬರಲ್ಲ ಅಂತ ನೀನೂ ನರಕಕ್ಕೆ ಹೋಗ್ತೀಯಾ?" ಎಂದು ಅವರು ಬಾಗಿಲಿಗೆ ಅಡ್ಡ ನಿಂತರು. ಸೀರೆ ಉಟ್ಟು ಚೀಲ ಹಿಡಿದಿದ್ದವಳು ಒಳಗೆ ಹೋಗಿ ಚೀಲ ಇಟ್ಟಳು. ಆಮೇಲೆ ತಾಂಬರಂನವರೂ ಕರೆಯಲಿಲ್ಲ, ಇವಳೂ ಹೋಗಲಿಲ್ಲ.

ಇನ್ನು ಸ್ಪರ್ಧೆಯ ವಿಷಯ. ಅಸೋಸಿಯೇಷನ್ನಿನವರು ವರ್ಷಕ್ಕೊಮ್ಮೆ ತಾರಸಿ ತೋಟಕ್ಕೆ ಕಪ್ ಕೊಡುತ್ತಾರೆ. ಹೋದ ಸಲ ಗೆದ್ದವನು ಅಂಗಡಿಯ ದೊಣ್ಣೆಮೆಣಸಿನಕಾಯಿಗಳನ್ನು ದಾರದಲ್ಲಿ ಗಿಡಕ್ಕೆ ಕಟ್ಟಿದ್ದನ್ನು ಪತ್ತೆ ಮಾಡಿದವರು ಇದೇ ಮಧ್ವರಾಜರು. ಪತ್ತೆ ಮಾಡಿ ಬಿಟ್ಟರೆ? ಮೂರು ಪುಟದ ಕಾಗದ ಬರೆದು ಹೊಸ ನಿಯಮ ಮಾಡಿಸಿದರು: ಬೆಳೆದವರೇ ಬೇಯಿಸಬೇಕು, ತೀರ್ಪುಗಾರರ ಎದುರಿಗೇ ತಿನ್ನಬೇಕು. ಈ ಸಲ ಕಪ್ ತಮಗೇ ಎಂದು ಅವರಿಗೆ ಖಾತ್ರಿ. ಉಡುಪಿ ಯಾತ್ರೆಯಲ್ಲಿ ತಂದ ಗುಳ್ಳದ ಬೀಜ ಮದ್ರಾಸಿನ ಸುಡುಬಿಸಿಲಲ್ಲೂ ಗಿಡವಾಗಿ, ತಿಳಿಹಸಿರು ಗೆರೆಯ ಮೂರು ದುಂಡು ಬದನೆಕಾಯಿ ಬಿಟ್ಟಿತ್ತು. ಊರಿಗೆಲ್ಲ ಫೋಟೋ ಹೋಗಿತ್ತು.

ಸ್ಪರ್ಧೆ ದ್ವಾದಶಿ ಕಳೆದ ಮೇಲಿನ ಭಾನುವಾರಕ್ಕೆಂದು ಗೊತ್ತಾಗಿತ್ತು. ಅದೂ ಅವರೇ ಲೆಕ್ಕ ಹಾಕಿ ಮಾಡಿಸಿದ್ದು. ಆಷಾಢದಿಂದ ಒಂದು ತಿಂಗಳು ಅವರಿಗೆ ಶಾಕವ್ರತ: ಕಾಯಿ, ಸೊಪ್ಪು ಯಾವುದನ್ನೂ ಮುಟ್ಟುವಂತಿಲ್ಲ. ಮೇಲೆ ಬೆಂಡೆ ಬಲಿತು ಸೌದೆಯಾಗುತ್ತಿದ್ದರೆ ಕೆಳಗೆ ಬರೀ ಹೆಸರುಬೇಳೆ ತೊವ್ವೆ. ಶ್ರಾವಣದ ಏಕಾದಶಿ ಉಪವಾಸ ಮುಗಿದು ದ್ವಾದಶಿ ಪಾರಣೆಯಾದರೆ ತರಕಾರಿಗೆ ಬಿಡುಗಡೆ.

ಶನಿವಾರ ಮಧ್ಯಾಹ್ನ ಮಧ್ವರಾಜರು ಗಡದ್ದಾಗಿ ಉಂಡು ಮಲಗಿ ಎದ್ದಿದ್ದರು. ಅಸೋಸಿಯೇಷನ್ ಕಾರ್ಯದರ್ಶಿ ವಿಘ್ನೇಶ್ ಬಾಗಿಲು ಬಡಿದ. "ಮಾಮಾ, ಜಡ್ಜ್ ಮೇಡಂ ನಾಳೈಕ್ಕೇ ವರಾಂಗ! ಕಾಲೈಲ ಒಂಬದು ಮಣಿ!" ತೀರ್ಪುಗಾರ್ತಿಗೆ ಮುಂದಿನ ವಾರ ಯಾರದೋ ಮದುವೆಯಂತೆ. ಹಾಗಾಗಿ ನಾಳೆ ಬೆಳಿಗ್ಗೆ ಒಂಬತ್ತಕ್ಕೇ ಸ್ಪರ್ಧೆ.

ನಾಳೆ ಏಕಾದಶಿ! ಗುಟುಕು ನೀರೂ ಕುಡಿಯದ ದಿನ ಬದನೆಕಾಯಿ ತಿನ್ನುವುದೇ? ಬಿಟ್ಟರೆ ಕಪ್ ಹೋಯಿತು, ತಿಂದರೆ ವ್ರತ ಹೋಯಿತು. ಮಧ್ವರಾಜರು ಕಾಲುಗಂಟೆ ತುಳಸಿಯ ಮುಂದೆ ಶತಪಥ ತಿರುಗಿದರು. ಆಮೇಲೆ ಬುದ್ಧಿ ಓಡಿತು, ಕೈ ಫೋನಿಗೆ ಹೋಯಿತು.

"ಅಡಡಾ, ಭಾವ! ಏನು ಅತಿಶಯವಾಗಿ ಫೋನ್ ಮಾಡಿದ್ದೀರ?" ಎಂದ ಸುಜಯೀಂದ್ರ.

"ಏನಿಲ್ಲಪ್ಪ. ನಿಮ್ಮ ಪಂಚಾಂಗದಲ್ಲಿ ನಾಳೆ ಏನು?"

"ನಮ್ಮದಾ? ಆ ತಪ್ಪು ಪಂಚಾಂಗದಲ್ಲಾ?"

"ಛೆ ಛೆ, ತಪ್ಪು ಅಂತ ಯಾರಂದ್ರು? ಎಲ್ಲಾ ಗುರುಗಳೂ ಒಂದೇ."

"ಇವತ್ತು ಏಕಾದಶಿ, ನಾಳೆ ದ್ವಾದಶಿ. ನಾಳೆ ಅಮ್ಮನ ಶ್ರಾದ್ಧಾನೂ ಇದೆ."

"ದ್ವಾದಶಿನಾ! ಭೇಷ್!" ಅಮ್ಮನ ಶ್ರಾದ್ಧ ಅವರ ಕಿವಿಗೆ ಬೀಳಲೇ ಇಲ್ಲ. ಗುಳ್ಳದ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ಸೆರಿ ಭಾವ, ಆದ್ರೆ ಇವತ್ತು ಊಟ ಆಯ್ತಾ?"

"ಆಯ್ತು."

"ಅಂದ್ರೆ ಇವತ್ತು ನಿಮ್ಮ ಪಂಚಾಂಗದಲ್ಲಿ ಊಟ, ನಾಳೆ ನಮ್ಮದರಲ್ಲಿ ಊಟ. ಉಪವಾಸ ಯಾರ ಪಂಚಾಂಗದಲ್ಲಿ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ದೊಡ್ಡವರು ಸುಮ್ನೆ ಅಂದಿಲ್ಲ!"

ಮಧ್ವರಾಜರು ಸಿಗ್ನಲ್ ಇಲ್ಲವೆಂದು ಫೋನ್ ಇಟ್ಟರು. ಉಪವಾಸ ತಪ್ಪಿದರೆ ಪ್ರಾಯಶ್ಚಿತ್ತ ಉಂಟು, ಕಪ್ ತಪ್ಪಿದರೆ ಉಂಟೇ? ಎದೆಯುಬ್ಬಿಸಿ ಅಡಿಗೆಮನೆಗೆ ಹೋಗಿ ಹೆಂಡತಿಗೆ ಹೇಳಿದರು, "ನೋಡು, ಈ ಸಲ ನಿನ್ನ ತವರಿನ ಪಂಚಾಂಗಾನೇ ಹಿಡಿಯೋಣ. ಎಷ್ಟು ದಿನ ಅಂತ ಭೇದ ಮಾಡೋದು?"

ಜಯಲಕ್ಷ್ಮೀ ಒಲೆಯ ಕಡೆಯಿಂದ ತಿರುಗಿ ಅವರನ್ನು ನೋಡಿದಳು. "ನಿಜವಾಗ್ಲೂ ಹೇಳ್ತಿದ್ದೀರಾ? ನಾಳೆ ನಮಗೆ ದ್ವಾದಶಿ?"

"ನಾನು ಹೇಳಿದ ಮೇಲೆ ಮುಗೀತು. ಬೆಳಿಗ್ಗೆ ಗುಳ್ಳದ ಗೊಜ್ಜು ಮಾಡಿಬಿಡು. ಜಡ್ಜ್ ಮುಂದೆ ನಾನು ಮಾಡಿದ್ದು ಅಂತೀನಿ."

"ಸರಿ," ಎಂದಳು. ಅದು ಯಾವುದಕ್ಕೆ ಸರಿ ಎಂದು ಅವರು ಕೇಳಲಿಲ್ಲ.

ಬೆಳಿಗ್ಗೆ ಐದೂವರೆಗೆ ಮಧ್ವರಾಜರು ಎದ್ದು ಬಂದಾಗ ಜಯಲಕ್ಷ್ಮೀ ಮಿಂದು, ಸೀರೆ ಉಟ್ಟು, ಚಪ್ಪಲಿ ಮೆಟ್ಟುತ್ತಿದ್ದಳು.

"ಎಲ್ಲಿಗೆ?"

"ತಾಂಬರಂಗೆ. ಅಮ್ಮನ ಶ್ರಾದ್ಧ. ದ್ವಾದಶಿ ಅಂತ ನೀವೇ ಅಂದ್ರಲ್ಲ."

"ಅಯ್ಯೋ, ಗೊಜ್ಜು?"

"ಬೆಳೆದವರೇ ಬೇಯಿಸಬೇಕು ಅಂತ ರೂಲ್ ಮಾಡಿದ್ದೂ ನೀವೇ."

ಮಧ್ವರಾಜರು ಕೊನೆಯ ಬಾಣ ಬಿಟ್ಟರು. "ನಿನ್ನೆ ಊಟ ಮಾಡಿ ಇವತ್ತು ಪಾರಣೆಗೆ ಕೂತ್ಕೋತೀಯಾ? ಅದೆಂಥ ಏಕಾದಶಿ?"

"ನಿನ್ನೆ ನಾನು ತಿಂದಿದ್ದು ನೋಡಿದ್ರಾ?"

ಅವರು ನೆನಪು ಮಾಡಿಕೊಳ್ಳಲು ನೋಡಿದರು. ಮೆಣಸಿನ ಸಾರು ನೆನಪಿಗೆ ಬಂತು, ಹಪ್ಪಳ ನೆನಪಿಗೆ ಬಂತು, ತಾವು ಎರಡನೆಯ ಸಲ ತುಪ್ಪ ಹಾಕಿಸಿಕೊಂಡದ್ದೂ ನೆನಪಿಗೆ ಬಂತು. ಹೆಂಡತಿಯ ತಟ್ಟೆ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದು ಬಸ್ಸಿಗೆ ಹೋಗಿಯಾಗಿತ್ತು.

ಎಪ್ಪತ್ತು ದಾಟಿದ ಮಧ್ವರಾಜರು ಅಂದು ಮೊದಲ ಸಲ ಒಲೆ ಹಚ್ಚಿದರು. ಸಾಸಿವೆ ಕರಕಾಯಿತು, ಉಪ್ಪು ಎರಡು ಸಲ ಬಿತ್ತು, ಹುಣಸೆಹಣ್ಣಿನ ಡಬ್ಬಿ ಸಿಗಲೇ ಇಲ್ಲ. ಒಂಬತ್ತಕ್ಕೆ ಸರಿಯಾಗಿ ತೀರ್ಪುಗಾರ್ತಿ ಅಂಬುಜಾ ಮೇಡಂ ಬಂದು ಕ್ರೋಟನ್ ನೋಡಿ ಹೊಗಳಿದರು, ಪಾರಿಜಾತ ನೋಡಿ ಹೊಗಳಿದರು, ಗುಳ್ಳ ನೋಡಿ ಬೆರಗಾದರು. ಆಮೇಲೆ ಎಲ್ಲರೂ ಮಧ್ವರಾಜರ ಬಾಯಿಯನ್ನೇ ನೋಡುತ್ತ ನಿಂತರು. ಅವರು ಮನಸ್ಸಿನಲ್ಲಿ ಕೃಷ್ಣ ಕೃಷ್ಣ ಎಂದು ಒಂದು ಚಮಚ ಬಾಯಿಗಿಟ್ಟರು. ಕಹಿ, ಉಪ್ಪು, ಸೀದ ವಾಸನೆ. ನುಂಗಿ ನಕ್ಕರು. ಮೇಡಂ ಚಮಚದ ತುದಿ ನಾಲಗೆಗೆ ಮುಟ್ಟಿಸಿ ನೀರು ಕೇಳಿದರು. ಅಡಿಗೆಗೆ ಅಂಕವಿರಲಿಲ್ಲ, ತಿಂದರೆ ಸಾಕಿತ್ತು. ಕಪ್ ಮಧ್ವರಾಜರಿಗೇ ಬಂತು.

ಎಲ್ಲರೂ ಇಳಿದು ಹೋದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ಹೆಂಡತಿಗೆ ಫೋನ್ ಮಾಡಿದರು. "ಜಯಾ, ಫಸ್ಟ್ ಪ್ರೈಜ್ ಕಣೆ! ಕಪ್ ಎಷ್ಟು ದೊಡ್ಡದಿದೆ ಗೊತ್ತಾ?"

"ಸಂತೋಷ. ನಾನು ಎಲೆ ಮುಂದೆ ಕೂತಿದ್ದೀನಿ."

"ಊಟ ಆಮೇಲೆ ಮಾಡಬಹುದು, ಮೊದಲು ಕೇಳು..."

"ನೀವು ಕೇಳಿ," ಎಂದಳು ಜಯಲಕ್ಷ್ಮೀ. "ಒಂದು ಬದನೆಕಾಯಿಗೆ ಒಂದು ದಿನ ಹಿಂದೆಮುಂದೆ ಮಾಡೋಕೆ ಬಂತಲ್ಲ ನಿಮಗೆ? ನಮ್ಮಮ್ಮನಿಗೆ ಯಾಕ್ರೀ ಬರಲಿಲ್ಲ?"

ಮಾತಿನ ಮಲ್ಲ ಮಧ್ವರಾಜರು ಯಾವುದೋ ಶಾಸ್ತ್ರ ತೆಗೆಯುವಷ್ಟರಲ್ಲಿ ಅವಳು ಫೋನನ್ನು ಹಾಗೆಯೇ ಪಕ್ಕಕ್ಕಿಟ್ಟಿದ್ದಳು. ಅತ್ತ ಕಡೆ ಪಾತ್ರೆಯ ಸದ್ದು, ಯಾರೋ ಅನ್ನ ಬಡಿಸುತ್ತಿರುವುದು, ಸುಜಯೀಂದ್ರನ ಮಾತು ಕೇಳಿಸಿದವು.

"ಇನ್ನೊಂದು ಸ್ವಲ್ಪ ಹಾಕ್ಸಲಾ ಅಕ್ಕ?"

"ಹಾಕ್ಸು," ಎಂದಳು ಜಯಲಕ್ಷ್ಮೀ.