ಜಯಕ್ಕನಿಗೆ ಓದಿ ಹೇಳಲಾಗದ ಅಧ್ಯಾಯ

"ಮೇಡಂ, ನಿಮಗೆ ನಾರ್ಮಲ್ ಇಂಗ್ಲಿಷ್ ಬೇಕಾ, ಹೆವಿ ಇಂಗ್ಲಿಷ್ ಬೇಕಾ?"

ಪಿಎಚ್‌ಡಿ ಮಾಡಲೆಂದು ತುಮಕೂರಿಗೆ ಬಂದ ಮೊದಲ ವಾರದಲ್ಲೇ ನನ್ನನ್ನು ಹೀಗೆ ಕೇಳಿದವನು ಒಬ್ಬ ಜೆರಾಕ್ಸ್ ಅಂಗಡಿಯವನು. ಹೋಟೆಲಿನಲ್ಲಿ ಸಾದಾನಾ ಮಸಾಲೆನಾ ಎಂದು ಕೇಳುತ್ತಾರಲ್ಲ, ಅಷ್ಟೇ ಸಲೀಸಾಗಿ ಕೇಳಿದ. ಕಾಲೇಜಿನ ಗೇಟಿನೆದುರಿನ ಆ ಅಂಗಡಿಯಲ್ಲಿ ಲ್ಯಾಮಿನೇಷನ್, ಬೈಂಡಿಂಗ್, ಪಾಸ್‌ಪೋರ್ಟ್ ಫೋಟೊಗಳ ಜೊತೆಗೆ ಪಿಎಚ್‌ಡಿ ಪ್ರಬಂಧಗಳ ಇಂಗ್ಲಿಷನ್ನೂ ದಪ್ಪ ಮಾಡಿಕೊಡುತ್ತಿದ್ದರು. ನನ್ನ ಸಂಶೋಧನಾ ಪ್ರಸ್ತಾವದ ಹಾಳೆಯ ಮೇಲೆ ಕಣ್ಣಾಡಿಸಿ, "ತುಂಬಾ ತೆಳು ಇದೆ. ಹಿಂಗೇ ಕೊಟ್ರೆ ನಿಮ್ಮ ಗೈಡ್ ಒಪ್ಪಲ್ಲ" ಎಂದು ಮರುಕಪಟ್ಟ. ತೆಳು ಎಂಬ ಮಾತನ್ನು ನಾವು ಹಾಗಲವಾಡಿಯಲ್ಲಿ ಮಜ್ಜಿಗೆಗೆ ಬಳಸುತ್ತೇವೆ. ಇಂಗ್ಲಿಷಿಗೂ ಬಳಸುತ್ತಾರೆಂದು ಅವತ್ತು ಕಲಿತೆ.

ಹಾಗಲವಾಡಿಯಿಂದ ತುಮಕೂರು ಎಷ್ಟು ಮಹಾ ದೂರ ಎಂದು ಊರಿನಲ್ಲಿ ಕೂತು ಓದುವ ನೀವು ನಗಬಹುದು. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿದರೆ ಆಯಿತು. ಆದರೆ ಒಂದನೇ ಕ್ಲಾಸಿನಿಂದ ಎಂ.ಎ.ವರೆಗೆ ಕನ್ನಡದಲ್ಲೇ ಬರೆದು ಪಾಸಾದವಳನ್ನು ಕೂರಿಸಿ, ಇನ್ನು ಮುಂದೆ ಇಂಗ್ಲಿಷಿನಲ್ಲಿ ಯೋಚಿಸು ಎಂದರೆ ಅದು ಪರದೇಶವೇ. ಕನ್ನಡದಲ್ಲಿ ಬರೆಯುತ್ತೇನೆ ಎಂದು ಕೇಳಿ ನೋಡಿದೆ. "ಕನ್ನಡದಲ್ಲಿ ಬರದ್ರೆ ಯಾರ್ರೀ ಓದ್ತಾರೆ?" ಅಂದರು ನನ್ನ ಗೈಡ್. ಅವರ ಸ್ವಂತ ಇಂಗ್ಲಿಷ್ ಪ್ರಬಂಧ ಅವರ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿತ್ತು. ಆ ಬೀರುವಿನ ಬೀಗದ ಕೈ ಕಳೆದು ಎಷ್ಟು ವರ್ಷವಾಯಿತೆಂದು ಅವರಿಗೇ ನೆನಪಿಲ್ಲ.

ಉಪ್ಪಾರಹಳ್ಳಿಯಲ್ಲಿ ಒಂದು ಕೋಣೆ ಸಿಕ್ಕಿತು. ಊರಿನಲ್ಲಿ ಬಾಗಿಲು ತೆರೆದರೆ ಯಾರಾದರೂ ಎದುರಾಗಿ "ಉಂಡ್ಯಾ?" ಅನ್ನುತ್ತಾರೆ. ಇಲ್ಲಿ ಬಾಗಿಲು ತೆರೆದರೆ ಓನರ್ ಆಂಟಿ "ಮೋಟ್ರು ಆಫ್ ಮಾಡುದ್ರಾ?" ಅನ್ನುತ್ತಾರೆ. ಮೆಸ್ಸಿನ ಮುದ್ದೆಯ ಬಗ್ಗೆ ನಾನು ಮಾತಾಡುವುದಿಲ್ಲ; ಅದನ್ನು ಮುದ್ದೆ ಎಂದವರಿಗೆ ರಾಗಿಯ ಶಾಪ ತಟ್ಟಲಿ. ಸಂಜೆ ಹೊತ್ತು ಮಹಡಿಯ ಮೇಲೆ ನಿಂತು, ಒಂಟಿತನ ತಾಳದೆ ಗುಬ್ಬಿ ಕಡೆಯ ಬಸ್ಸುಗಳನ್ನು ಎಣಿಸುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ನನ್ನ ಜೊತೆ ಕೋಣೆಯಲ್ಲಿದ್ದವಳು ಕುಣಿಗಲ್ಲಿನ ನಸ್ರೀನ್. ಅವಳಪ್ಪ ಅಲ್ಲಿ ಟೈಲರ್. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಂಗ್ಲಿಷ್, ಹೀಗೆ ಮೂರು ಭಾಷೆಗಳನ್ನೂ ಗೊಣಗದೆ ನಡೆಸಿಕೊಂಡು ಹೋಗುತ್ತಿದ್ದಳು. ನನ್ನಂತೆ ಅಳುಮುಂಜಿಯಲ್ಲ.

ಆ ನಡುವೆ ನಮ್ಮಂಥವರನ್ನು ಉದ್ಧಾರ ಮಾಡಲೆಂದೇ ಇಂಗ್ಲಿಷ್ ಬರವಣಿಗೆಯ ಕಾರ್ಯಾಗಾರವೊಂದು ನಡೆಯಿತು. ಪ್ರಾರ್ಥನೆ, ದೀಪ, ಹಾರ, ಶಾಲು, ಪೇಟ. ಪೇಟ ತೊಡಿಸಿಕೊಂಡ ಅತಿಥಿಗಳು ಬರವಣಿಗೆಯ ಮಹತ್ವದ ಕುರಿತು ಊಟದವರೆಗೂ ಮಾತಾಡಿದರು. ಊಟವಾದ ಮೇಲೆ ಗ್ರೂಪ್ ಫೋಟೊ. ಆ ಇಡೀ ದಿನದಲ್ಲಿ ನಾನು ಬರೆದದ್ದೆಂದರೆ ಹಾಜರಿ ಹಾಳೆಯ ಮೇಲಿನ ನನ್ನ ಸಹಿ. ಸರ್ಟಿಫಿಕೇಟ್ ಮಾತ್ರ ಚಿನ್ನದ ಅಂಚಿನದು.

ಕೊನೆಗೆ ನಾನೂ ಜೆರಾಕ್ಸ್ ಅಂಗಡಿಗೇ ಶರಣಾದೆ. ನಾನು ಯಾರನ್ನು ಹೀಗಳೆಯುತ್ತಿದ್ದೇನೋ ಅವರ ಸಾಲಿನಲ್ಲಿ ನಾನೂ ನಿಂತಿದ್ದೆ ಎಂದು ಒಪ್ಪಿಕೊಳ್ಳಬೇಕು. ನನ್ನ ಸಂಶೋಧನೆ ಗುಬ್ಬಿ ತಾಲ್ಲೂಕಿನಲ್ಲಿ ಕೊಬ್ಬರಿ ಒಡೆಯುವ ಹೆಂಗಸರ ಬಗ್ಗೆ. ನಮ್ಮ ಬೀದಿಯ ಜಯಕ್ಕ ಮತ್ತವಳ ಜೊತೆಗಾತಿಯರು ಹೇಳಿದ್ದನ್ನೆಲ್ಲ ಬರೆದುಕೊಂಡು ಒಂದು ಅಧ್ಯಾಯ ಮಾಡಿದ್ದೆ. ಅಂಗಡಿಯವನು ಅದಕ್ಕೆ ಹೆವಿ ಇಂಗ್ಲಿಷ್ ಹಾಕಿ ಕೊಟ್ಟ. ಎಂಟು ಪುಟ ಹೋಗಿತ್ತು, ಹದಿನಾಲ್ಕು ಪುಟವಾಗಿ ಬಂತು. ಒಂದೊಂದು ವಾಕ್ಯವೂ ಐದೈದು ಸಾಲು. ನಾನು ಬರೆದಿದ್ದ ಹೆಸರುಗಳೆಲ್ಲ ಮಾಯವಾಗಿ, ಆ ಜಾಗದಲ್ಲಿ ಯಾವುದೋ ಸರ್ಕಾರಿ ವರದಿಯ ಮಾತುಗಳು ಕೂತಿದ್ದವು. ಓದಿದೆ, ತಲೆಬುಡ ತಿಳಿಯಲಿಲ್ಲ. ತಿಳಿಯದ್ದಕ್ಕೇ ಹೆಮ್ಮೆಯಾಯಿತು. ಗೈಡ್ ಎರಡು ಪುಟ ತಿರುವಿ, "ಈಗ ರಿಸರ್ಚ್ ಥರ ಕಾಣ್ತಿದೆ" ಎಂದು ಪ್ರಗತಿ ಸೆಮಿನಾರಿಗೆ ನನ್ನ ಹೆಸರು ಸೇರಿಸಿದರು. ಆ ಸೆಮಿನಾರಿನಲ್ಲಿ ಅಧ್ಯಾಯ ಒಪ್ಪಿಗೆಯಾಗದಿದ್ದರೆ ನನ್ನ ನೋಂದಣಿಯೇ ನಿಂತುಹೋಗುತ್ತಿತ್ತು. ಎರಡು ವರ್ಷದ ಓದನ್ನು ಗಂಟು ಕಟ್ಟಿಕೊಂಡು ಊರಿಗೆ ಹೋಗಬೇಕಿತ್ತು.

ಸೆಮಿನಾರಿಗೆ ಮುಂಚಿನ ಭಾನುವಾರ ಹಾಗಲವಾಡಿಗೆ ಹೋದೆ. ಬಿಂಕ ತೋರಿಸುವುದಕ್ಕೇ ಹೋದೆ ಅನ್ನಿ. ಜಯಕ್ಕ ಐವರು ಜೊತೆಗಾತಿಯರೊಂದಿಗೆ ತೋಟದ ಮನೆಯ ಅಂಗಳದಲ್ಲಿ ಕೂತು ಕೊಬ್ಬರಿ ಒಡೆಯುತ್ತಿದ್ದಳು. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನ ಹಿಂಬದಿಯಿಂದ ತಟ್ಟಿ, ಒಳಗಿನ ಕೊಬ್ಬರಿಯ ಉಂಡೆ ಒಡೆಯದಂತೆ ಬಿಡಿಸುವ ಕೆಲಸ ಅದು.

"ನನ್ ವಿಸ್ಯ ಅದೇನೋ ಬರ್ದಿದೀಯಂತಲ್ಲವ್ವ. ಓದು, ಕೇಳವ" ಅಂದಳು.

ಮೊದಲ ವಾಕ್ಯ ಓದಿದೆ. ಹೆಂಗಸರೆಲ್ಲ ಬಾಯಿ ತೆರೆದು ಕೇಳಿದರು. ಅದು ಮುಗಿಯುವಷ್ಟರಲ್ಲಿ ಜಯಕ್ಕ ಎರಡು ಕಾಯಿ ಬಿಡಿಸಿದ್ದಳು.

"ಚೆನ್ನಾಗೈತೆ. ಅಂಗಂದ್ರೇನು?"

ನಾನು ಮತ್ತೆ ಓದಿಕೊಂಡೆ. ಕನ್ನಡದಲ್ಲಿ ಹೇಳೋಣವೆಂದರೆ ಹೇಳುವುದಕ್ಕೆ ಒಳಗೇನೂ ಇರಲಿಲ್ಲ. ಸಿಪ್ಪೆಯ ಕೆಳಗೆ ಸಿಪ್ಪೆ, ಅದರ ಕೆಳಗೂ ಸಿಪ್ಪೆ. ಕೊನೆಗೆ ಕೈಗೆ ಸಿಕ್ಕಿದ್ದು ಒಂದೇ ಮಾತು, ಅನ್‌ಸ್ಕಿಲ್ಡ್. "ಕೆಲಸದ ಕಸುಬು ಗೊತ್ತಿಲ್ಲದ ಹೆಂಗಸರು ಅಂತ ಬರೆದಿದೆ" ಎಂದು ಹೇಳಿ ನಾಲಿಗೆ ಕಚ್ಚಿಕೊಂಡೆ.

ಅಂಗಳದಲ್ಲಿ ಮಚ್ಚಿನ ಸದ್ದು ನಿಂತಿತು.

"ನಾನ್ ಅಂಗ್ ಹೇಳಿದ್ನಾ?" ಅಂದಳು ಜಯಕ್ಕ.

"ಇಲ್ಲ ಜಯಕ್ಕ, ಅದು ಅಂಗಡಿಯೋನು..."

"ಅಂಗಡಿಯೋನು ಬಂದಿದ್ನಾ ಇಲ್ಗೆ? ನೀನ್ ತಾನೆ ಕೂತು ಕೇಳ್ದೋಳು? ಬುಡು, ತಗಾ." ಮಚ್ಚನ್ನೂ ಒಂದು ಕಾಯಿಯನ್ನೂ ನನ್ನ ಮುಂದೆ ತಳ್ಳಿದಳು. "ಕಸುಬಿಲ್ದಿರೋ ಕೆಲ್ಸ ಅಲ್ವಾ? ನೀನೂ ಒಂದ್ ಒಡಿ."

ಒಡೆದೆ. ಚಿಪ್ಪಿನ ಜೊತೆ ಉಂಡೆಯೂ ಮೂರು ಹೋಳಾಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಜಯಕ್ಕ ಹೋಳುಗಳನ್ನು ಬೇರೆ ಬುಟ್ಟಿಗೆ ಹಾಕಿ, ಇನ್ನೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಣಗಿದ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಸದ್ದು ಮಾಡುತ್ತದೆ. ಸದ್ದು ಕೇಳಿದ ಮೇಲಷ್ಟೇ ಅವಳು ಒಡೆಯುತ್ತಾಳೆ. ಇದನ್ನು ಅವಳು ಆರು ತಿಂಗಳ ಹಿಂದೆಯೇ ನನಗೆ ಹೇಳಿದ್ದಳು. ನಾನು ಬರೆದೂ ಇದ್ದೆ. ತೆಳು ಎಂದು ಅಂಗಡಿಯವನು ಹೊಡೆದು ಹಾಕಿದ್ದು ಆ ಸಾಲನ್ನೇ. ನಾನು ಹೊಡೆಸಿಕೊಂಡು, ದುಡ್ಡು ಕೊಟ್ಟು ಬಂದಿದ್ದೆ. ಬಸ್ಸಿನಲ್ಲಿ ಗುಬ್ಬಿಯವರೆಗೂ ನಾಚಿಕೆಯಿಂದ ತಲೆ ಎತ್ತಲಿಲ್ಲ.

ಕೋಣೆಗೆ ಬಂದು ನಸ್ರೀನಳಿಗೆ ಎಲ್ಲ ಹೇಳಿದೆ.

"ನಮ್ಮ ಅಬ್ಬನ ಅಳತೆ ಪುಸ್ತಕ ನೋಡಿದೀಯೇನೇ?" ಅಂದಳು. "ಎದೆ ಇಷ್ಟು, ತೋಳು ಇಷ್ಟು, ಉದ್ದ ಇಷ್ಟು. ಅಷ್ಟೇ. ಅಬ್ಬ ಇಲ್ದೇ ಇದ್ರೂ ಅದನ್ನ ನೋಡಿ ಯಾರ್ ಬೇಕಾದ್ರೂ ಬಟ್ಟೆ ಕತ್ತರಿಸ್ಬೋದು. ನಾನು ಲ್ಯಾಬ್ ರಿಪೋರ್ಟ್ ಬರೆಯೋದೂ ಹಂಗೇ ಕಣೇ. ನೀನ್ಯಾಕೆ ಮದುವೆ ಪತ್ರಿಕೆ ಬರೆಯಕ್ಕೆ ಹೋಗ್ತೀಯ?"

ಅಷ್ಟೂ ಪುಟಗಳನ್ನು ಬಿಸಾಕಿ ಹೊಸದಾಗಿ ಬರೆಯಲು ಕೂತೆ. ನಾನೇ ಒಂದು ಕಟ್ಟಳೆ ಹಾಕಿಕೊಂಡೆ: ಜಯಕ್ಕನಿಗೆ ಕನ್ನಡದಲ್ಲಿ ಹೇಳಲಾಗದ ಯಾವ ಮಾತನ್ನೂ ಇಂಗ್ಲಿಷಿನಲ್ಲಿ ಬರೆಯಕೂಡದು. ಯಾರು, ಏನು ಮಾಡಿದರು, ನನಗದು ಹೇಗೆ ಗೊತ್ತು. ಒಂದು ವಾಕ್ಯಕ್ಕೆ ಒಂದೇ ಸಂಗತಿ. ನಾಲ್ಕು ದಿನದಲ್ಲಿ ಏಳು ಪುಟವಾಯಿತು. ಬೇರೆಯವರು ಬರೆದದ್ದು ಯಾವುದು, ನಾನು ಕಂಡದ್ದು ಯಾವುದು ಎಂದು ಗೆರೆ ಎಳೆದಂತೆ ಬೇರೆ ಮಾಡಿದೆ. ಕಾರ್ಯಾಗಾರದ ಪೇಟದವರು ಇದರಲ್ಲಿ ಒಂದನ್ನಾದರೂ ಹೇಳಿದ್ದರೆ ಅವರ ಶಾಲಿಗೆ ಮರ್ಯಾದೆ ಇರುತ್ತಿತ್ತು.

"ಏನ್ರೀ ಇದು, ಹೈಸ್ಕೂಲ್ ಮಕ್ಕಳ ಇಂಗ್ಲಿಷು?" ಗೈಡ್ ಮೇಜಿನ ಮೇಲೆ ಹಾಳೆ ಎಸೆದರು. "ಹೋದ್ಸಲ ಚೆನ್ನಾಗಿತ್ತಲ್ಲ?"

"ಹೋದ ಸಲದ್ದು ನಿಮಗೆ ಅರ್ಥ ಆಗಿತ್ತಾ ಸರ್?"

ಅವರು ಹಾಳೆಗಳನ್ನು ನನ್ನ ಕಡೆಗೆ ತಳ್ಳಿ, "ನಿಮ್ಮಿಷ್ಟ" ಅಂದರು. ಸೆಮಿನಾರಿನ ದಿನ ಅವರು ನನ್ನ ಕಡೆ ನೋಡದೆ ಕೂತಿದ್ದರು. ನನಗಿಂತ ಮುಂಚೆ ನಾಲ್ವರು ಹೆವಿ ಇಂಗ್ಲಿಷ್ ಓದಿದರು; ಹೊರಗಿನಿಂದ ಬಂದಿದ್ದ ಪರೀಕ್ಷಕಿ ನಾಲ್ವರಿಗೂ "ಗುಡ್" ಅಂದು ಸುಮ್ಮನಾದರು. ನಾನು ನನ್ನ ಏಳು ಪುಟ ಓದಿದೆ. ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವ ಸಾಲು ಬಂದಾಗ ಆಕೆ ಪೆನ್ನು ಕೆಳಗಿಟ್ಟರು.

"ಈ ಸದ್ದು ಗುರುತಿಸೋದನ್ನ ಕಲಿಯೋಕೆ ಎಷ್ಟು ದಿನ ಬೇಕಮ್ಮ?" ಎಂದು ಕನ್ನಡದಲ್ಲೇ ಕೇಳಿದರು. ಆ ದಿನದ ಮೊದಲ ಪ್ರಶ್ನೆ ಅದು. ಉತ್ತರ ನನ್ನ ಬಳಿ ಇತ್ತು. ಅಧ್ಯಾಯ ಒಪ್ಪಿಗೆಯಾಯಿತು. "ಭಾಷೆ ಸುಧಾರಿಸಬೇಕು" ಎಂಬ ಷರಾವನ್ನು ಗೈಡ್ ತಪ್ಪದೆ ಸೇರಿಸಿದರು.

ಈಗ ಜೆರಾಕ್ಸ್ ಅಂಗಡಿಯವನು ನನ್ನನ್ನು ಹಳ್ಳಿ ಮೇಡಂ ಅನ್ನುತ್ತಾನೆ. ಹಾಗಲವಾಡಿಯಲ್ಲಿ ಜಯಕ್ಕ ಹೊಸಬರಿಗೆ, "ಇವ್ಳು ತುಮ್ಕೂರ್‌ನೋಳು, ಬರ್ಕೊಳಕ್ ಬಂದವ್ಳೆ" ಎಂದು ನನ್ನನ್ನು ಪರಿಚಯಿಸುತ್ತಾಳೆ. ಅವಳೆದುರು ಹುಟ್ಟಿ ಬೆಳೆದವಳು ನಾನು.

ಅಧ್ಯಾಯದಲ್ಲಿ ಅನ್‌ಸ್ಕಿಲ್ಡ್ ಎಂಬ ಮಾತನ್ನು ನಾನು ಪೂರ್ತಿ ಬಿಟ್ಟಿಲ್ಲ. ಒಂದು ಕಡೆ ಉಳಿಸಿಕೊಂಡಿದ್ದೇನೆ. ಆ ಅಂಗಳದಲ್ಲಿ ಕೂತಿದ್ದ ಏಳು ಹೆಂಗಸರಲ್ಲಿ ಕಸುಬು ಗೊತ್ತಿಲ್ಲದವಳು ಒಬ್ಬಳೇ ಇದ್ದಳು, ಅವಳು ಕೈಯಲ್ಲಿ ನೋಟ್‌ಬುಕ್ ಹಿಡಿದಿದ್ದಳು ಎಂದು ಬರೆದಿದ್ದೇನೆ. ಸಂಶೋಧಕಿ ತನ್ನ ಬಗ್ಗೆ ಹಾಗೆ ಬರೆದುಕೊಳ್ಳಬಾರದೆಂದು ಗೈಡ್ ಕೆಂಪು ಶಾಯಿಯಲ್ಲಿ ಎರಡು ಸಲ ಹೊಡೆದು ಹಾಕಿದ್ದಾರೆ. ಎರಡು ಸಲವೂ ನಾನು ಅದನ್ನು ತಿರುಗಿ ಬರೆದಿದ್ದೇನೆ. ಹೋದ ಭಾನುವಾರ ಆ ಸಾಲನ್ನು ಜಯಕ್ಕನಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿ, ಒಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.